ವೃತ್ತಪತ್ರಿಕೆಯ ಸ್ವಾತಂತ್ರ್ಯವೂ ಊರಿನ ವರ್ತಮಾನವೂ

ವೃತ್ತಪತ್ರಿಕೆಯ ಸ್ವಾತಂತ್ರ್ಯ ಎಂದೊಡನೆ ನಮ್ಮ ಮನಸ್ಸಿಗೆ ಬರುವ ಚಿತ್ರ ಸಾಮಾನ್ಯವಾಗಿ ಒಂದೇ ಬಗೆಯದು. ಸರ್ಕಾರದ ಅಪ್ಪಣೆ ಹೊರಡುತ್ತದೆ. ಮುದ್ರಣಾಲಯದ ಬಾಗಿಲಿಗೆ ಬೀಗಮುದ್ರೆ ಬೀಳುತ್ತದೆ. ಸಂಪಾದಕನು ಸೆರೆಮನೆಗೆ ನಡೆಯುತ್ತಾನೆ. ಈ ಚಿತ್ರ ಸುಳ್ಳಲ್ಲ. ನಮ್ಮ ದೇಶದ ಪತ್ರಿಕೆಗಳ ಚರಿತ್ರೆ ಮೊದಲಾಗುವುದೇ ಇಂಥ ಚಿತ್ರದಿಂದ. 1780ನೆಯ ಇಸವಿ ಜನವರಿ 29ರಂದು ಕಲ್ಕತ್ತೆಯಲ್ಲಿ ಜೇಮ್ಸ್ ಆಗಸ್ಟಸ್ ಹಿಕಿ ಎಂಬಾತನು ಹೊರಡಿಸಿದ ವಾರಪತ್ರಿಕೆ 1782ರಲ್ಲಿ ಅಚ್ಚುಮೊಳೆಗಳ ಜಪ್ತಿಯೊಡನೆ ಕೊನೆಗಂಡಿತು. ಆದರೆ ಪತ್ರಿಕೆಯ ಬಾಯಿಕಟ್ಟುವುದಕ್ಕೆ ಅಪ್ಪಣೆಯೊಂದೇ ಸಾಧನವಲ್ಲ. ಇನ್ನೊಂದು ಬಗೆಯ ಮೌನವುಂಟು. ಅದಕ್ಕೆ ಅಪ್ಪಣೆ ಬೇಡ, ಪೊಲೀಸರು ಬೇಡ, ಮೊಕದ್ದಮೆ ಬೇಡ. ಅದು ಬಂದಿತೆಂಬುದೂ ಊರಿನವರಿಗೆ ತಿಳಿಯುವುದಿಲ್ಲ. ಈ ಎರಡು ಮೌನಗಳಿಗಿರುವ ಅಂತರವೇನು, ಎರಡನೆಯದು ನಮ್ಮ ಕಾಲದಲ್ಲಿ ಏಕೆ ಹೆಚ್ಚಿತು, ಅದರಿಂದ ನಮಗೆ ಆಗುವ ನಷ್ಟವೇನು ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಮೊದಲನೆಯ ಬಗೆಯ ಮೌನವನ್ನು ಕಾಣಲು ನಾವು ದೂರ ಹೋಗಬೇಕಾದುದಿಲ್ಲ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ನೆಯ ಇಸವಿ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಕಲ್ಲಚ್ಚಿನಲ್ಲಿ ಹೊರಟಿತು. ಮುಂದೆ ಅರ್ಧ ಶತಮಾನ ಕಳೆಯುವಷ್ಟರಲ್ಲಿ ಮೈಸೂರು ಸಂಸ್ಥಾನದಲ್ಲಿಯೂ ಹಲವು ಪತ್ರಿಕೆಗಳು ತಲೆಯೆತ್ತಿದುವು. ಅವುಗಳ ಹಿಂದಿದ್ದವರಲ್ಲಿ ಮುಖ್ಯರು ಎಂ. ವೆಂಕಟಕೃಷ್ಣಯ್ಯನವರು. ಮೈಸೂರಿನ ಜನ ಅವರನ್ನು ‘ತಾತಯ್ಯ’ ಎಂದೇ ಕರೆದರು. ಪಾಠ ಹೇಳುವುದು ಅವರ ವೃತ್ತಿ. ‘ವೃತ್ತಾಂತ ಚಿಂತಾಮಣಿ’ ಮೊದಲಾದ ಪತ್ರಿಕೆಗಳ ಮೂಲಕ ಸರ್ಕಾರದವರಿಗೂ ಪಾಠ ಹೇಳುವುದು ಅವರ ವ್ರತ.

ದಿವಾನ್ ವಿ. ಪಿ. ಮಾಧವರಾಯರ ಆಡಳಿತದಲ್ಲಿ, 1908ರಲ್ಲಿ, ಮೈಸೂರು ಸಂಸ್ಥಾನದಲ್ಲಿ ವೃತ್ತಪತ್ರಿಕೆಗಳ ನಿಬಂಧನೆ ಜಾರಿಗೆ ಬಂದಿತು. ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸಕೂಡದು; ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಸರ್ಕಾರದ್ದೇ. ವೆಂಕಟಕೃಷ್ಣಯ್ಯನವರು ಈ ಕಟ್ಟಳೆಗೆ ತಲೆಬಾಗಿ ಪತ್ರಿಕೆ ನಡೆಸುವುದಕ್ಕಿಂತ ನಿಲ್ಲಿಸುವುದೇ ಲೇಸೆಂದು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಬೇರೆ ಪತ್ರಿಕೆಗಳೂ ನಿಂತುವು.

ಇಲ್ಲಿ ನಾವು ಗಮನಿಸತಕ್ಕ ಸಂಗತಿಯೊಂದುಂಟು. ಆ ಮೌನಕ್ಕೆ ದೊಡ್ಡ ಸದ್ದಿತ್ತು. ಪತ್ರಿಕೆ ನಿಂತಿತು ಎಂಬುದೇ ಸುದ್ದಿಯಾಯಿತು. ನಿಲ್ಲಿಸಿದವರು ಯಾರು, ನಿಂತದ್ದು ಏತಕ್ಕೆ ಎಂಬುದು ಬೀದಿಬೀದಿಗೆ ತಿಳಿಯಿತು. ಬಾಯಿಕಟ್ಟಿದವರಿಗೆ ಅಪಕೀರ್ತಿ, ಬಾಯಿಕಟ್ಟಿಸಿಕೊಂಡವರಿಗೆ ಗೌರವ ಬಂದಿತು. ಐದು ವರ್ಷಗಳ ಮೇಲೆ, 1913ರಲ್ಲಿ, ಡಿ. ವಿ. ಗುಂಡಪ್ಪನವರು ಬೆಂಗಳೂರಿನಿಂದ ‘ಕರ್ಣಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ವಾರಕ್ಕೆರಡು ಸಲ ಹೊರಡಿಸತೊಡಗಿದರು. 1928ರಲ್ಲಿ ಬಾಗಲಕೋಟೆಯಲ್ಲಿ ಕೂಡಿದ ಕರ್ನಾಟಕ ಪತ್ರಿಕಾಕರ್ತರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕಟ್ಟಿದ ಬಾಯಿ ಮತ್ತೆ ತೆರೆಯಿತು. ಬಲಾತ್ಕಾರದಿಂದ ಬಂದ ಮೌನಕ್ಕೆ ಈ ಒಂದು ಗುಣವಿದೆ: ಅದು ತನ್ನನ್ನು ತಾನೇ ಸಾರಿಕೊಳ್ಳುತ್ತದೆ. ಶತ್ರುವಿನ ಮುಖ ಕಾಣುವುದರಿಂದ ಹೋರಾಡುವವರು ಹುಟ್ಟುತ್ತಾರೆ.

ಎರಡನೆಯ ಬಗೆಯ ಮೌನವನ್ನು ನೋಡಬೇಕಾದರೆ ಪತ್ರಿಕೆಯ ಸ್ವಾತಂತ್ರ್ಯಕ್ಕೆ ರಾಜ್ಯಾಂಗವೇ ಕಾವಲಾಗಿರುವ ದೇಶವೊಂದಕ್ಕೆ ಹೋಗುವುದು ಮೇಲು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1791ರಲ್ಲಿಯೇ ಸೇರಿಸಿದ ರಾಜ್ಯಾಂಗದ ಮೊದಲ ತಿದ್ದುಪಡಿಯು ಪತ್ರಿಕೆಯ ಸ್ವಾತಂತ್ರ್ಯವನ್ನು ಕುಂದಿಸುವ ಶಾಸನವನ್ನು ಮಾಡಕೂಡದೆಂದು ಅಲ್ಲಿನ ಮಹಾಸಭೆಗೆ ನಿಷೇಧ ವಿಧಿಸಿದೆ. ಕಾನೂನಿನ ಕೋಟೆ ಇದಕ್ಕಿಂತ ಭದ್ರವಾಗಿರುವ ದೇಶಗಳು ಕೆಲವೇ. ಆ ಕೋಟೆಯ ಒಳಗೇ ನಡೆದ ಕಥೆಯಿದು.

ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ, ಲಾಸ್ ಏಂಜಲೀಸ್ ಮಹಾನಗರದ ಮಗ್ಗುಲಿಗೆ, ಬೆಲ್ ಎಂಬ ಸಣ್ಣ ಪಟ್ಟಣವಿದೆ. ಎರಡೂವರೆ ಚದರ ಮೈಲಿಯ ವಿಸ್ತೀರ್ಣ. 2010ರ ಜನಗಣತಿಯಲ್ಲಿ ಸುಮಾರು 35,000 ಜನ. ಹೆಚ್ಚಿನವರು ಕೂಲಿ ಮಾಡಿ ಬಾಳುವವರು, ಹೊರದೇಶದಿಂದ ಬಂದು ನೆಲೆಸಿದ ಸಂಸಾರಗಳವರು. ಈ ಪಟ್ಟಣದ ಆಡಳಿತಾಧಿಕಾರಿಯಾಗಿ 1993ರಲ್ಲಿ ರಾಬರ್ಟ್ ರಿಜ್ಜೊ ಎಂಬಾತನು ನೇಮಕವಾದನು. ಆಗ ಅವನ ಸಂಬಳ ವರ್ಷಕ್ಕೆ 72,000 ಡಾಲರು. 2010ರ ವೇಳೆಗೆ ಅದು 7,87,637 ಡಾಲರು ಆಗಿತ್ತು. ಅಮೆರಿಕದ ಅಧ್ಯಕ್ಷರಿಗೆ ಆ ಕಾಲದಲ್ಲಿ ಸಲ್ಲುತ್ತಿದ್ದ ಸಂಬಳ 4,00,000 ಡಾಲರು ಎಂಬುದನ್ನು ನೆನೆದರೆ ಈ ಅಂಕಿಯ ಅರ್ಥ ತಿಳಿದೀತು. ಪಟ್ಟಣದ ಪೊಲೀಸ್ ಮುಖ್ಯಸ್ಥನಿಗೆ 4,57,000 ಡಾಲರು. ಆಗೊಮ್ಮೆ ಈಗೊಮ್ಮೆ ಸಭೆ ಸೇರುವ ಪೌರಸಭಾಸದಸ್ಯರಲ್ಲಿ ಬಹುಮಂದಿಗೆ ತಲಾ ಒಂದು ಲಕ್ಷ ಡಾಲರಿನ ಹತ್ತಿರ ಹತ್ತಿರ.

ಇಷ್ಟು ಹಣ ಎಲ್ಲಿಂದ ಬಂದಿತು? ಕೂಲಿಕಾರರ ಮನೆಗಳ ಮೇಲಿನ ತೆರಿಗೆಯಿಂದಲೇ ಬಂದಿತು. ಸಂಬಳದ ಮಿತಿಯನ್ನು ತಪ್ಪಿಸಿಕೊಳ್ಳುವ ಮಾರ್ಗವನ್ನು ಅವರು ಹೇಗೆ ಪಡೆದರು? 2005ರಲ್ಲಿ ಪಟ್ಟಣಕ್ಕೆ ತನ್ನದೇ ಆದ ಸನ್ನದು ಬೇಕೆಂದು ಒಂದು ವಿಶೇಷ ಚುನಾವಣೆ ನಡೆಸಿದರು. ಅದರಲ್ಲಿ ಮತ ಹಾಕಿದವರು 400ಕ್ಕಿಂತ ಕಡಮೆ ಮಂದಿ. ಬಾಗಿಲುಗಳು ಮುಚ್ಚಿರಲಿಲ್ಲ. ಸಭೆಗಳು ಬಹಿರಂಗವಾಗಿಯೇ ನಡೆದುವು. ಯಾವ ಸಂಪಾದಕನನ್ನೂ ಯಾರೂ ಹೆದರಿಸಲಿಲ್ಲ. ಹೆದರಿಸಲು ಅಲ್ಲಿ ಸಂಪಾದಕನೇ ಇರಲಿಲ್ಲ. ಪೌರಸಭೆಯ ಬೆಂಚಿನ ಮೇಲೆ ತಪ್ಪದೆ ಬಂದು ಕುಳಿತುಕೊಳ್ಳುವ ಬಾತ್ಮೀದಾರನು ಆ ಊರಿಗೆ ಇರಲಿಲ್ಲ, ಅಷ್ಟೆ.

ಊರಿನವರು ಕೇಳಲೇ ಇಲ್ಲವೆ ಎಂದರೆ, ಕೇಳಿದರು. 2008ರಲ್ಲಿ ನಿವಾಸಿಯೊಬ್ಬನು ಅಧಿಕಾರಿಗಳ ಸಂಬಳವೆಷ್ಟೆಂದು ಬರೆದು ಕೇಳಿದನು. ಅವನ ಕೈಗೆ ಬಂದುದು ಸಂಬಳವನ್ನು ಬಹಳ ಕಡಮೆ ಮಾಡಿ ತೋರಿಸಿದ ಸುಳ್ಳು ಲೆಕ್ಕ. ಒಂಟಿ ಮನುಷ್ಯನು ಆ ಕಾಗದವನ್ನು ಹಿಡಿದುಕೊಂಡು ಎಲ್ಲಿಗೆ ಹೋದಾನು? ಎರಡು ವರ್ಷಗಳ ಮೇಲೆ ನೆರೆಯ ಪಟ್ಟಣವೊಂದರ ತೊಂದರೆಗಳನ್ನು ವಿಚಾರಿಸುತ್ತ ಬಂದ ‘ಲಾಸ್ ಏಂಜಲೀಸ್ ಟೈಮ್ಸ್’ ಪತ್ರಿಕೆಯ ಇಬ್ಬರು ವರದಿಗಾರರು, ಜೆಫ್ ಗಾಟ್‌ಲೀಬ್ ಮತ್ತು ರೂಬೆನ್ ವೀವೆಸ್ ಎಂಬುವರು, ಅದೇ ಪ್ರಶ್ನೆಯನ್ನು ಕೇಳಿದರು. ಕಾನೂನಿನ ಬೆಂಬಲ ಆ ನಿವಾಸಿಗೂ ಇತ್ತು, ಇವರಿಗೂ ಇತ್ತು. ಆದರೆ ಇವರ ಹಿಂದೆ ವಕೀಲರಿದ್ದ, ಓದುಗರಿದ್ದ ಒಂದು ಸಂಸ್ಥೆಯಿತ್ತು. ಆದಕಾರಣ ನಿಜವಾದ ಲೆಕ್ಕ ಹೊರಬಂದಿತು. 2010ರ ಜುಲೈ 15ರಂದು ವರದಿ ಅಚ್ಚಾಯಿತು. ಕೆಲವು ದಿನಗಳಲ್ಲಿ ರಿಜ್ಜೊ ರಾಜೀನಾಮೆ ಕೊಟ್ಟನು; ಸೆಪ್ಟೆಂಬರಿನಲ್ಲಿ ಎಂಟು ಮಂದಿಯ ದಸ್ತಗಿರಿಯಾಯಿತು; 2014ರಲ್ಲಿ ರಿಜ್ಜೊನಿಗೆ ಹನ್ನೆರಡು ವರ್ಷಗಳ ಸೆರೆವಾಸ ವಿಧಿಸಲ್ಪಟ್ಟಿತು. ಆ ಪತ್ರಿಕೆಗೆ 2011ರಲ್ಲಿ ಲೋಕಸೇವೆಗಾಗಿ ಕೊಡುವ ಪುಲಿಟ್ಜರ್ ಪಾರಿತೋಷಕ ದೊರೆಯಿತು.

ಇದನ್ನು ಪತ್ರಿಕೆಯ ವಿಜಯವೆಂದು ಹೇಳುವುದು ವಾಡಿಕೆ. ವಿಜಯವೇನೋ ನಿಜ. ಆದರೆ ಆ ಸಂಬಳ ಹದಿನೇಳು ವರ್ಷ ಬೆಳೆದ ಮೇಲೆ ಈ ವಿಜಯ ಬಂದಿತೆಂಬುದನ್ನು ನಾವು ಮರೆಯಕೂಡದು. ವರದಿಗಾರರು ಬಂದುದೂ ಬೇರೊಂದು ಊರಿನ ಕೆಲಸದ ಮೇಲೆ. ಮೊದಲಿಂದಲೇ ಆ ಬೆಂಚಿನ ಮೇಲೆ ಯಾರಾದರೂ ಕುಳಿತಿದ್ದರೆ ಪಾರಿತೋಷಕಕ್ಕೆ ಅವಕಾಶವೇ ಬರುತ್ತಿರಲಿಲ್ಲ.

ಹಾಗಾದರೆ ಬೆಂಚು ಬರಿದಾದುದು ಹೇಗೆ? ಇದನ್ನು ತಿಳಿಯಲು ಪತ್ರಿಕೆಯ ಜಮಾಖರ್ಚನ್ನು ಸ್ವಲ್ಪ ನೋಡಬೇಕು. ಪತ್ರಿಕೆಯನ್ನು ಕೊಳ್ಳುವವನು ಕೊಡುವ ಕಾಸಿನಿಂದಲೇ ಪತ್ರಿಕೆ ನಡೆಯುವುದೆಂದು ನಾವು ಭಾವಿಸುವುದುಂಟು. ಅದು ತಪ್ಪು. ಹಲವೆಡೆ ಆ ಕಾಸು ಕಾಗದದ ಬೆಲೆಗೂ ಸಾಲದು. ಪತ್ರಿಕೆಯು ಎರಡು ಸರಕುಗಳನ್ನು ಮಾರುತ್ತಿದ್ದಿತು: ಓದುಗನಿಗೆ ಸುದ್ದಿಯನ್ನು, ವ್ಯಾಪಾರಿಗೆ ಓದುಗನ ಗಮನವನ್ನು. ಮನೆ ಬಾಡಿಗೆಗಿದೆ, ಗುಮಾಸ್ತ ಬೇಕಾಗಿದ್ದಾನೆ, ಹಳೆಯ ಮೋಟಾರು ಮಾರಾಟಕ್ಕಿದೆ ಎಂಬ ನಾಲ್ಕು ಸಾಲಿನ ಸಣ್ಣ ಪ್ರಕಟಣೆಗಳು ಸೇರಿ ಪೌರಸಭೆಯ ವರದಿಗಾರನ ಸಂಬಳವಾಗುತ್ತಿದ್ದುವು. ಬಾಡಿಗೆ ಮನೆ ಹುಡುಕುವವನು ತನಗರಿವಿಲ್ಲದೆಯೇ ಊರಿನ ಕಾವಲುಗಾರನಿಗೆ ಅನ್ನ ಹಾಕುತ್ತಿದ್ದನು. ಈ ಎರಡು ಸರಕುಗಳಿಗೆ ಸ್ವಾಭಾವಿಕವಾದ ಸಂಬಂಧವೇನೂ ಇರಲಿಲ್ಲ; ಒಂದೇ ಕಾಗದದ ಮೇಲೆ ಅಚ್ಚಾಗುತ್ತಿದ್ದುದೇ ಅವುಗಳ ನಂಟು.

ಅಂತರ್ಜಾಲವು ಬಂದು ಈ ನಂಟನ್ನು ಬಿಡಿಸಿತು. ಸಣ್ಣ ಪ್ರಕಟಣೆಗಳನ್ನು ಬಿಟ್ಟಿಯಾಗಿಯೇ ಹಾಕಬಹುದಾದ ತಾಣಗಳು ಹುಟ್ಟಿದುವು. ದೊಡ್ಡ ಜಾಹಿರಾತುಗಳು ಗೂಗಲ್, ಫೇಸ್‌ಬುಕ್ ಮೊದಲಾದ ಕಂಪೆನಿಗಳ ಕಡೆಗೆ ಹರಿದುವು. ಅಮೆರಿಕದ ವೃತ್ತಪತ್ರಿಕೆಗಳ ಜಾಹಿರಾತಿನ ವರಮಾನ 2005ರಲ್ಲಿ ಸುಮಾರು 49 ಶತಕೋಟಿ ಡಾಲರು. 2020ರಲ್ಲಿ ಅದು 10 ಶತಕೋಟಿಗಿಂತ ಕಡಮೆಗೆ ಇಳಿಯಿತು. ಇದರ ಪರಿಣಾಮವನ್ನು ಅಲ್ಲಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದವರು ವರ್ಷವರ್ಷವೂ ಎಣಿಸಿಡುತ್ತಿದ್ದಾರೆ. ಅವರ 2024ರ ವರದಿಯಂತೆ, 2005ರಲ್ಲಿ ಇದ್ದ ಸುಮಾರು 8,900 ಪತ್ರಿಕೆಗಳಲ್ಲಿ 3,200ಕ್ಕಿಂತಲೂ ಹೆಚ್ಚು ಮುಚ್ಚಿಹೋಗಿದ್ದುವು. ಊರಿನ ಸುದ್ದಿಗೆ ಯಾವ ಆಧಾರವೂ ಇಲ್ಲದ ಜಿಲ್ಲೆಗಳು 206. ಇಂಥ ಜಿಲ್ಲೆಗಳಿಗೆ ಅವರು ‘ಸುದ್ದಿಯ ಮರುಭೂಮಿ’ ಎಂದು ಹೆಸರಿಟ್ಟಿದ್ದಾರೆ. ಇನ್ನು ಕೆಲವು ಪತ್ರಿಕೆಗಳು ಹೆಸರಿಗೆ ಮಾತ್ರ ಬದುಕಿವೆ. ದೂರದ ಹಣಕಾಸಿನ ಕಂಪೆನಿ ಕೊಂಡು, ವರದಿಗಾರರನ್ನು ಬಿಡಿಸಿ, ಎಲ್ಲಿಂದಲೋ ತರಿಸಿದ ಬರಹಗಳನ್ನು ತುಂಬಿ ಹೊರಡಿಸುವ ಇವುಗಳನ್ನು ‘ಪ್ರೇತಪತ್ರಿಕೆ’ ಎಂದೇ ಕರೆಯುತ್ತಾರೆ. ದೇಹವುಂಟು, ಜೀವವಿಲ್ಲ.

ಪತ್ರಿಕೆ ಹೋದರೆ ಏನು ಹೋಯಿತು, ಪುರಾಣ ಪುಸ್ತಕಗಳಿಲ್ಲವೆ, ಕಾಲಕ್ಷೇಪಕ್ಕೆ ಬೇರೆ ಸಾಧನಗಳಿಲ್ಲವೆ ಎಂದು ಕೆಲವರು ಕೇಳಬಹುದು. ಅವರಿಗೆ ಹಣದ ಭಾಷೆಯಲ್ಲಿಯೇ ಉತ್ತರವಿದೆ. ಗಾವ್, ಲೀ, ಮರ್ಫಿ ಎಂಬ ಮೂವರು ವಿದ್ವಾಂಸರು 1996ರಿಂದ 2015ರವರೆಗೆ ಅಮೆರಿಕದಲ್ಲಿ ಪತ್ರಿಕೆಗಳು ಮುಚ್ಚಿದ ಜಿಲ್ಲೆಗಳನ್ನು ಪರಿಶೀಲಿಸಿ 2020ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಪತ್ರಿಕೆ ಮುಚ್ಚಿದ ಮೇಲೆ ಆ ಪ್ರದೇಶದ ಸ್ಥಳೀಯ ಸರ್ಕಾರಗಳು ಎತ್ತುವ ಸಾಲದ ಬಡ್ಡಿ ನೂರಕ್ಕೆ 0.05ರಿಂದ 0.11ರವರೆಗೆ ಏರಿತ್ತು. ಅಂಕಿ ಸಣ್ಣದಾಗಿ ಕಾಣುತ್ತದೆ. ಆದರೆ ಕೋಟಿಗಟ್ಟಲೆ ಸಾಲದ ಮೇಲೆ, ಹತ್ತಿಪ್ಪತ್ತು ವರ್ಷಗಳ ಅವಧಿಗೆ, ಇದನ್ನು ಲೆಕ್ಕಹಾಕಿದರೆ ಪತ್ರಿಕೆಯ ಚಂದಾ ಹಣಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಹೊರೆ ತೆರಿಗೆ ಕೊಡುವವನ ಮೇಲೆ ಬೀಳುತ್ತದೆ. ಸಾಲ ಕೊಡುವವನ ತರ್ಕ ಸರಳವಾದುದು. ನೋಡುವ ಕಣ್ಣಿಲ್ಲದ ಕಡೆ ಹಣ ಪೋಲಾಗುವ ಸಂಭವ ಹೆಚ್ಚು; ಆದುದರಿಂದ ಬಡ್ಡಿಯೂ ಹೆಚ್ಚು. ನಾವು ಪತ್ರಿಕೆಗೆ ಕೊಡದೆ ಉಳಿಸಿದ ಕಾಸು ಬೇರೆ ದಾರಿಯಲ್ಲಿ ಬಡ್ಡಿಸಹಿತವಾಗಿ ಹೋಗುತ್ತದೆ.

ಊರಿನ ವರದಿಗಾರನ ಕೆಲಸದ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಅದು ಸಾಹಸದ ಕೆಲಸವಲ್ಲ, ಬೇಸರದ ಕೆಲಸ. ಆಯವ್ಯಯದ ಪಟ್ಟಿಯನ್ನು ಓದುವುದು, ಟೆಂಡರಿನ ಪ್ರಕಟಣೆಗಳನ್ನು ನೋಡುವುದು, ನ್ಯಾಯಸ್ಥಾನದಲ್ಲಿ ಕಾಯುವುದು, ಚರಂಡಿಯ ವಿಷಯದಲ್ಲಿ ನಡೆಯುವ ಮೂರು ಗಂಟೆಯ ವಾದವನ್ನು ಕೇಳುವುದು. ಹತ್ತು ಸಭೆಗಳಲ್ಲಿ ಒಂಬತ್ತರಲ್ಲಿ ಬರೆಯತಕ್ಕದ್ದೇನೂ ಇರುವುದಿಲ್ಲ. ಆದರೆ ಆ ಒಂಬತ್ತರಲ್ಲಿ ಕುಳಿತವನಿಗೇ ಹತ್ತನೆಯದರಲ್ಲಿ ಏನೋ ಹೆಚ್ಚುಕಡಮೆಯಾಯಿತೆಂಬುದು ಹೊಳೆಯುವುದು. ಮೇಲಾಗಿ, ಬೆಂಚಿನ ಮೇಲೆ ಕುಳಿತವನು ಬರೆಯದೆಯೂ ಕೆಲಸ ಮಾಡುತ್ತಾನೆ. ನಾಳೆ ಇದು ಅಚ್ಚಾಗಬಹುದೆಂಬ ಎಣಿಕೆಯಿಂದಲೇ ಎಷ್ಟೋ ಕೈಗಳು ಹಿಂದೆ ಸರಿಯುತ್ತವೆ. ಬರೆದ ವರದಿಯನ್ನು ನಾವು ಎಣಿಸಬಹುದು. ವರದಿಗಾರನಿದ್ದ ಕಾರಣ ನಡೆಯದೆ ಹೋದ ಅಕ್ರಮವನ್ನು ಎಣಿಸುವವರಾರು? ಆದಕಾರಣವೇ ಅವನನ್ನು ತೆಗೆದುಹಾಕುವುದು ಲೆಕ್ಕಿಗರಿಗೆ ಸುಲಭವಾಗಿ ತೋರುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಈಗ ಪ್ರತಿಯೊಬ್ಬನ ಕೈಯಲ್ಲಿಯೂ ಲೋಕಕ್ಕೆಲ್ಲ ಕೇಳಿಸುವ ಯಂತ್ರವಿದೆಯಷ್ಟೆ. ಯಾರು ಬೇಕಾದರೂ ಬರೆಯಬಹುದು, ಚಿತ್ರ ತೆಗೆದು ಹಂಚಬಹುದು. ಇನ್ನು ವರದಿಗಾರನೆಂಬ ಪ್ರತ್ಯೇಕ ಮನುಷ್ಯನೇತಕ್ಕೆ? ಈ ಪ್ರಶ್ನೆಗೆ ಲಂಡನ್ ನಗರದಲ್ಲಿ ಘೋರವಾದ ಉತ್ತರ ದೊರೆಯಿತು. ಅಲ್ಲಿಯ ಕೆನ್ಸಿಂಗ್ಟನ್ ಭಾಗದಲ್ಲಿ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ವಸತಿಗೃಹವಿದ್ದಿತು. ಅದರ ನಿವಾಸಿಗಳು ಬೆಂಕಿಯ ಭಯವನ್ನು ಕುರಿತು ಅಂತರ್ಜಾಲದ ತಮ್ಮ ಪುಟದಲ್ಲಿ ಮೇಲಿಂದ ಮೇಲೆ ಬರೆದರು. ಜೀವಹಾನಿಯಾಗುವಂಥ ಅನಾಹುತವೊಂದು ನಡೆದ ಹೊರತು ತಮ್ಮ ಮೊರೆಯನ್ನು ಯಾರೂ ಕೇಳಲಾರರೆಂಬ ಅರ್ಥದಲ್ಲಿ 2016ರ ನವೆಂಬರಿನಲ್ಲಿ ಎಚ್ಚರಿಸಿದರು. 2017ರ ಜೂನ್ 14ರ ನಡುರಾತ್ರಿಯಲ್ಲಿ ಆ ಕಟ್ಟಡ ಹೊತ್ತಿ ಉರಿಯಿತು. 72 ಮಂದಿ ಪ್ರಾಣ ಬಿಟ್ಟರು. ದೇಶದ ಹೆಸರಾಂತ ದಿನಪತ್ರಿಕೆಯೊಂದರ ಕಚೇರಿ ಅದೇ ಕೆನ್ಸಿಂಗ್ಟನ್ನಿನಲ್ಲಿದ್ದಿತು. ನಿವಾಸಿಗಳ ದೂರುಗಳನ್ನು ಹಿಂಬಾಲಿಸಿಕೊಂಡು ಹೋಗುವಷ್ಟು ಶಕ್ತಿಯ ಊರಿನ ಪತ್ರಿಕೆ ಮಾತ್ರ ಅಲ್ಲಿ ಉಳಿದಿರಲಿಲ್ಲ.

ಹೇಳುವುದು ಬೇರೆ, ಕೇಳಿಸುವುದು ಬೇರೆ. ಮೊರೆಯಿಟ್ಟವನ ಮಾತನ್ನು ಪರೀಕ್ಷಿಸಿ, ಎದುರು ಪಕ್ಷದವರನ್ನು ಪ್ರಶ್ನಿಸಿ, ಉತ್ತರ ಬಾರದಿದ್ದರೆ ಮರುವಾರ ಮತ್ತೆ ಕೇಳಿ, ಅದನ್ನು ಊರೆಲ್ಲ ಓದುವ ಕಡೆ ಇಡುವುದಕ್ಕೆ ಒಂದು ಸಂಸ್ಥೆ ಬೇಕು. ಮಾತಾಡುವ ಸ್ವಾತಂತ್ರ್ಯವು ವ್ಯಕ್ತಿಯ ಸೊತ್ತು. ಪತ್ರಿಕೆಯ ಸ್ವಾತಂತ್ರ್ಯವು ಊರಿನ ಸೊತ್ತು. ಮೊದಲನೆಯದು ಹೆಚ್ಚಿದ ಮಾತ್ರಕ್ಕೆ ಎರಡನೆಯದು ತಾನಾಗಿ ಹೆಚ್ಚುವುದಿಲ್ಲ.

ಇನ್ನು ನಮ್ಮ ದೇಶದ ಕಡೆಗೆ ನೋಡೋಣ. ಭಾರತದ ಸಂವಿಧಾನದ 19ನೆಯ ಅನುಚ್ಛೇದದಲ್ಲಿ ವೃತ್ತಪತ್ರಿಕೆಯ ಹೆಸರು ಪ್ರತ್ಯೇಕವಾಗಿ ಇಲ್ಲ. ವಾಕ್‌ಸ್ವಾತಂತ್ರ್ಯದೊಳಗೇ ಅದು ಅಡಕವಾಗಿದೆಯೆಂಬುದು ನ್ಯಾಯಾಲಯದ ತೀರ್ಮಾನ. 1950ರ ರೊಮೇಶ್ ಥಾಪರ್ ಮೊಕದ್ದಮೆಯಲ್ಲಿ, ಪತ್ರಿಕೆಯನ್ನು ಹಂಚುವ ಸ್ವಾತಂತ್ರ್ಯವಿಲ್ಲದೆ ಬರೆಯುವ ಸ್ವಾತಂತ್ರ್ಯಕ್ಕೆ ಅರ್ಥವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಪುಣೆಯ ‘ಸಕಾಳ’ ಪತ್ರಿಕೆಯ 1962ರ ಮೊಕದ್ದಮೆ ಪ್ರಕೃತ ವಿಷಯಕ್ಕೆ ಇನ್ನೂ ಹತ್ತಿರವಾದುದು. ಇಷ್ಟು ಪುಟಗಳಿಗೆ ಇಷ್ಟು ಬೆಲೆ ಎಂದು ಸರ್ಕಾರದವರು ಗೊತ್ತುಮಾಡಿದ ಕಟ್ಟಳೆಯನ್ನು ನ್ಯಾಯಾಲಯವು ಅಸಿಂಧುವೆಂದು ಸಾರಿತು. ಪತ್ರಿಕೆಯ ಆರ್ಥಿಕ ಬಲವನ್ನು ಕತ್ತರಿಸುವುದೂ ಅದರ ನಾಲಗೆಯನ್ನು ಕತ್ತರಿಸುವುದಕ್ಕೆ ಸಮಾನ ಎಂಬುದು ಅದರ ತಾತ್ಪರ್ಯ. ಆದರೆ ಸರ್ಕಾರವು ಬಲವನ್ನು ಕತ್ತರಿಸಿದರೆ ನ್ಯಾಯಾಲಯವು ತಡೆಯಬಹುದು. ಕಾಲವೇ ಕತ್ತರಿಸಿದರೆ ಯಾವ ನ್ಯಾಯಾಲಯಕ್ಕೆ ಅರ್ಜಿ ಕೊಡೋಣ?

ಅಮೆರಿಕದಲ್ಲಿ ಆದಂತೆ ನಮ್ಮಲ್ಲಿ ಪತ್ರಿಕೆಗಳು ಸಾವಿರಗಟ್ಟಲೆಯಾಗಿ ಮುಚ್ಚಿಲ್ಲ. 1972ರಲ್ಲಿ ರಾಜಶೇಖರ ಕೋಟಿಯವರು ಆರಂಭಿಸಿದ ‘ಆಂದೋಲನ’ದಂತಹ ಜಿಲ್ಲಾ ಪತ್ರಿಕೆಗಳು ಮೈಸೂರಿನ ಸೀಮೆಯಲ್ಲಿ ಜನರ ನಚ್ಚನ್ನು ಗಳಿಸಿದುವು. ದೊಡ್ಡ ಪತ್ರಿಕೆಗಳು ಜಿಲ್ಲೆಗೊಂದರಂತೆ ಪುಟಗಳನ್ನು ಕೊಡತೊಡಗಿದುವು. ಇದರಿಂದ ಊರಿನ ಸುದ್ದಿ ಹೆಚ್ಚಿತೆಂಬುದು ನಿಜ. ಆದರೆ ಒಂದು ಜಿಲ್ಲೆಯ ಪುಟದಲ್ಲಿ ಬಂದುದು ಪಕ್ಕದ ಜಿಲ್ಲೆಯವರಿಗೆ ಕಾಣುವುದಿಲ್ಲ. ಕುಡಿಯುವ ನೀರಿನ ಕೆಡುಕು ಮೂರು ಜಿಲ್ಲೆಗಳಲ್ಲಿ ಒಂದೇ ಬಗೆಯದಾಗಿದ್ದರೂ ಮೂರು ಕಡೆಯೂ ಅದು ತಮ್ಮ ಊರಿನ ದುರದೃಷ್ಟವೆಂದೇ ಜನ ತಿಳಿಯುತ್ತಾರೆ. ಸುದ್ದಿ ಅಚ್ಚಾಗಿಯೂ ರಾಜಧಾನಿಗೆ ಮುಟ್ಟುವುದಿಲ್ಲ.

ಮತ್ತೊಂದು ಕೊರತೆ ಇನ್ನೂ ಮುಖ್ಯವಾದುದು. ತಾಲ್ಲೂಕಿನ ಸುದ್ದಿಯನ್ನು ಬರೆಯುವವನು ಬಹುಮಟ್ಟಿಗೆ ಸಂಬಳದ ನೌಕರನಲ್ಲ. ಬರೆದುದಕ್ಕೆ ಇಷ್ಟೆಂದು ಚಿಲ್ಲರೆ ಪಡೆಯುವವನು. ಕೆಲವೆಡೆ ಜಾಹಿರಾತನ್ನು ತಂದುಕೊಡುವ ಹೊಣೆಯೂ ಅವನದೇ. ಯಾರ ವಿಷಯದಲ್ಲಿ ಬರೆಯಬೇಕೋ ಅವರ ಬಾಗಿಲಿಗೇ ಹೋಗಿ ಜಾಹಿರಾತು ಬೇಡಬೇಕಾದರೆ ಲೇಖನಿ ನೆಟ್ಟಗೆ ನಿಲ್ಲುವುದು ಹೇಗೆ? ಸಣ್ಣ ಪತ್ರಿಕೆಗಳಿಗೆ ಸರ್ಕಾರದ ಪ್ರಕಟಣೆಗಳೇ ದೊಡ್ಡ ಆಧಾರ. ಕೊಡುವ ಕೈ ಬೇಕೆಂದಾಗ ಮುಚ್ಚಿಕೊಳ್ಳಬಲ್ಲದು. 2009ರ ಚುನಾವಣೆಗಳ ಕಾಲದಲ್ಲಿ ಅಭ್ಯರ್ಥಿಗಳಿಂದ ಹಣ ಪಡೆದು ಸ್ತುತಿಯನ್ನೇ ಸುದ್ದಿಯೆಂದು ಅಚ್ಚುಹಾಕಿದ ಸಂಗತಿ ಭಾರತೀಯ ಪತ್ರಿಕಾ ಮಂಡಲಿಯ 2010ರ ವರದಿಯಲ್ಲಿ ಚರ್ಚೆಗೆ ಬಂದಿತು. ಅಲ್ಲಿ ಬಾಯಿ ಕಟ್ಟಿದವರಿಲ್ಲ. ಬಾಯನ್ನು ಬಾಡಿಗೆಗೆ ಕೊಟ್ಟವರಿದ್ದರು.

ಇಷ್ಟಾದರೂ ಬರೆಯುವವರು ಬರೆಯುತ್ತಾರೆ. ಛತ್ತೀಸಗಢದ ಬಿಜಾಪುರ ಜಿಲ್ಲೆಯಲ್ಲಿ ಮುಖೇಶ್ ಚಂದ್ರಾಕರ್ ಎಂಬ ಯುವಕ ವರದಿಗಾರನು ರಸ್ತೆಯ ಕಾಮಗಾರಿಯೊಂದರ ಅವ್ಯವಹಾರವನ್ನು 2024ರ ಡಿಸೆಂಬರಿನಲ್ಲಿ ಬಯಲಿಗೆ ತಂದನು. 2025ರ ಜನವರಿ 3ರಂದು ಅವನ ಶವ ಮಲದ ಗುಂಡಿಯೊಂದರಲ್ಲಿ ದೊರೆಯಿತು. ರಾಜಧಾನಿಯ ಸಂಪಾದಕನಿಗೂ ಊರಿನ ವರದಿಗಾರನಿಗೂ ಇರುವ ಅಂತರ ಇದೇ. ದೂರದಲ್ಲಿರುವವನು ಮಂತ್ರಿಯನ್ನು ಟೀಕಿಸಿ ಮನೆಗೆ ಹೋಗುತ್ತಾನೆ. ಊರಿನವನು ಯಾರನ್ನು ಕುರಿತು ಬರೆದನೋ ಅವರ ಬೀದಿಯಲ್ಲಿಯೇ ಮನೆಗೆ ನಡೆಯಬೇಕು. ಅವನ ಹಿಂದೆ ವಕೀಲರಿಲ್ಲ, ಸಂಬಳವಿಲ್ಲ, ಬಹುಬಾರಿ ಸಂಸ್ಥೆಯೂ ಇಲ್ಲ. ಸ್ವಾತಂತ್ರ್ಯದ ನಿಜವಾದ ಬೆಲೆಯನ್ನು ಕೊಡುವವನು ಅವನು.

ಪರಿಹಾರವೇನು? ಸಿದ್ಧೌಷಧವೊಂದು ಕಾಣದಿದ್ದರೂ ಪ್ರಯೋಗಗಳು ನಡೆದಿವೆ. ಪಿ. ಲಂಕೇಶರು 1980ರಲ್ಲಿ ಆರಂಭಿಸಿದ ವಾರಪತ್ರಿಕೆ ಜಾಹಿರಾತನ್ನೇ ನೆಚ್ಚದೆ ಓದುಗರ ಕಾಸಿನಿಂದಲೇ ನಡೆದು, ಕನ್ನಡಿಗರು ಒಳ್ಳೆಯ ವರದಿಗೆ ಹಣ ಕೊಡಬಲ್ಲರೆಂಬುದನ್ನು ತೋರಿಸಿತು. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಿಂದ ಹೊರಡಿಸಿದ ‘ಮುಂಗಾರು’ ಜನರಿಂದಲೇ ಬಂಡವಾಳ ಕೂಡಿಸಿದ ದಿನಪತ್ರಿಕೆ. ಅದು ದೀರ್ಘಕಾಲ ಬಾಳಲಿಲ್ಲ. ಆದರ್ಶವಿದ್ದರೆ ಸಾಲದು, ಲೆಕ್ಕವೂ ಸರಿಹೋಗಬೇಕು ಎಂಬ ಕಠಿನವಾದ ಪಾಠ ಅದರಲ್ಲಿದೆ. ಉತ್ತರಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಹುಟ್ಟಿದ ‘ಖಬರ್ ಲಹರಿಯಾ’ವನ್ನು ಹಳ್ಳಿಯ ಹೆಂಗಸರೇ ನಡೆಸಿದರು, ಅವರಲ್ಲಿ ಹಲವರು ದಲಿತ ಮನೆತನಗಳವರು. ಕಾಗದದಲ್ಲಿ ಮೊದಲಾಗಿ ಅದು ಮುಂದೆ ಅಂತರ್ಜಾಲಕ್ಕೆ ಬಂದಿತು. ಕೆಟ್ಟ ಕೈಪಂಪು, ಬಾರದ ಪಡಿತರ, ದಾಖಲಾಗದ ಪೊಲೀಸ್ ದೂರು ಇವುಗಳ ಬೆನ್ನುಹತ್ತಿಹೋಗುವ ಆ ವರದಿಗಾರ್ತಿಯರ ಕೆಲಸವು ಯಾವ ರಾಜಧಾನಿಯ ಪತ್ರಿಕೆಗೂ ಕಡಮೆಯಾದುದಲ್ಲ.

ಈ ಪ್ರಯೋಗಗಳನ್ನು ನೋಡಿದರೆ ಒಂದು ಮಾತು ನಿಶ್ಚಯವಾಗುತ್ತದೆ. ಇಷ್ಟು ದಿನ ಊರಿನ ಸುದ್ದಿಯ ಖರ್ಚನ್ನು ಜಾಹಿರಾತು ಕೊಡುವವನು ನಮಗೆ ತಿಳಿಯದಂತೆ ಹೊತ್ತಿದ್ದನು. ಅವನು ಕೈಬಿಟ್ಟ ಮೇಲೆ ಆ ಖರ್ಚು ಯಾರದು ಎಂಬ ಪ್ರಶ್ನೆ ಮೊದಲ ಬಾರಿಗೆ ನೇರವಾಗಿ ನಮ್ಮ ಮುಂದೆ ನಿಂತಿದೆ. ಸರ್ಕಾರದವರು ಕೊಟ್ಟರೆ ಸರ್ಕಾರವನ್ನು ಕುರಿತು ಬರೆಯುವುದು ಕಷ್ಟ. ಧನಿಕರು ಕೊಟ್ಟರೆ ಧನಿಕರನ್ನು ಕುರಿತು ಬರೆಯುವುದು ಕಷ್ಟ. ಬಹುಮಂದಿ ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ ಮಾತ್ರ ಯಾರೊಬ್ಬರ ಹಂಗೂ ಇರುವುದಿಲ್ಲ. ಬೀದಿಯ ದೀಪಕ್ಕೂ ಕೊಳಾಯಿಯ ನೀರಿಗೂ ನಾವು ಕೊಡುತ್ತೇವೆ. ಆ ದೀಪದ ಲೆಕ್ಕ, ಆ ನೀರಿನ ಶುದ್ಧಿ ಇವುಗಳನ್ನು ನೋಡುವವನಿಗೆ ಕೊಡುವುದು ದುಂದಲ್ಲ.

ವಿದ್ಯಾವಂತರಾದ ನಗರವಾಸಿಗಳಲ್ಲಿ ಇನ್ನೊಂದು ದೋಷವನ್ನೂ ನಾವು ಒಪ್ಪಿಕೊಳ್ಳಬೇಕು. ದೂರದ ದೇಶದ ಚುನಾವಣೆ ನಮಗೆ ಬಾಯಿಪಾಠ. ನಮ್ಮ ವಾರ್ಡಿನ ಸದಸ್ಯನ ಹೆಸರು ತಿಳಿಯದು. ನಗರಸಭೆಯ ಆಯವ್ಯಯ ಎಷ್ಟೆಂದು ಕೇಳಿದರೆ ಸುಮ್ಮನಾಗುತ್ತೇವೆ. ಓದುವವರಿಲ್ಲದ ಸುದ್ದಿ ಬರೆಯುವವನನ್ನೂ ಕಳೆದುಕೊಳ್ಳುತ್ತದೆ. 2005ರ ಮಾಹಿತಿ ಹಕ್ಕಿನ ಕಾಯಿದೆಯು ಕೇಳುವ ಅಧಿಕಾರವನ್ನು ಪ್ರತಿಯೊಬ್ಬ ಪ್ರಜೆಗೂ ಕೊಟ್ಟಿತು. ಆದರೆ ಬೆಲ್ ಪಟ್ಟಣದ ಆ ನಿವಾಸಿಗೂ ಅಧಿಕಾರವಿತ್ತೆಂಬುದನ್ನು ನೆನೆಯೋಣ. ಕಾಯಿದೆಯ ಜೊತೆಗೆ ಕೇಳುವುದನ್ನೇ ಕಸುಬಾಗಿ ಉಳ್ಳ ಒಬ್ಬನು ಬೇಕು. ಅವನ ಬೆನ್ನಿಗೆ ಊರು ಬೇಕು.

ತಾತಯ್ಯನವರ ಪತ್ರಿಕೆಗಳು 1908ರಲ್ಲಿ ನಿಂತಾಗ ಮೈಸೂರಿನವರಿಗೆ ತಾವು ಏನನ್ನು ಕಳೆದುಕೊಂಡೆವೆಂಬುದು ಗೊತ್ತಿತ್ತು. ಬೆಲ್ ಪಟ್ಟಣದವರಿಗೆ ಗೊತ್ತಿರಲಿಲ್ಲ. ಅವರ ಊರಿನಲ್ಲಿ ಎಲ್ಲ ಸ್ವಾತಂತ್ರ್ಯಗಳೂ ಇದ್ದುವು. ಅವುಗಳನ್ನು ಬಳಸುವ ಮನುಷ್ಯನೊಬ್ಬನಿರಲಿಲ್ಲ. ನಮ್ಮ ಊರಿನ ಪೌರಸಭೆ ಮುಂದಿನ ಸಲ ಸೇರುವಾಗ ವರದಿಗಾರರ ಬೆಂಚಿನ ಮೇಲೆ ಯಾರಿದ್ದಾರೆಂದು ಒಮ್ಮೆ ಹೋಗಿ ನೋಡೋಣ. ಯಾರಾದರೂ ಕುಳಿತಿದ್ದರೆ ಅವರ ಪತ್ರಿಕೆಗೆ ಚಂದಾದಾರರಾಗೋಣ. ಬೆಂಚು ಬರಿದಾಗಿದ್ದರೆ, ಅದರ ಮೇಲೆ ಯಾರನ್ನು ಕೂರಿಸುವುದು, ಅವರ ಅನ್ನಕ್ಕೆ ದಾರಿಯೇನು ಎಂಬುದನ್ನು ನೆರೆಯವರೊಡನೆ ಕೂಡಿ ಯೋಚಿಸೋಣ.